ನೀರು ಬದಲಿಸಿದ ಮೇಲೆ ಮೀನು ಸತ್ತರೆ: ಬಕೆಟ್ಟಿನ ನೀರು ಚೆಲ್ಲಬೇಡಿ

ಉಪ್ಪುನೀರಿನ ಟ್ಯಾಂಕಿನ ನೀರು ಬದಲಿಸಿ ಒಂದೆರಡು ಗಂಟೆಯಲ್ಲೇ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆಯೇ? ಮೊದಲು ಗಾಳಿ ಕೊಡಿ. ಪವರ್‌ಹೆಡ್ಡನ್ನು (ಟ್ಯಾಂಕಿನೊಳಗೆ ನೀರು ಹರಿಸುವ ಸಣ್ಣ ಪಂಪ್) ಮೇಲ್ಮೈ ಕಲಕುವ ಹಾಗೆ ತಿರುಗಿಸಿ. ಕಾರಣ ಹುಡುಕುವುದು ಆಮೇಲೆ.

ಗಾಬರಿಯಲ್ಲಿ ಅದೇ ಹೊಸ ನೀರನ್ನು ಮತ್ತೆ ಸುರಿಯಬೇಡಿ. ತಪ್ಪು ಆ ನೀರಿನಲ್ಲೇ ಇದ್ದರೆ? ಬಕೆಟ್ಟಿನ ತಳದಲ್ಲಿ ಒಂದು ಲೋಟ ಉಳಿದಿದ್ದರೂ ಎತ್ತಿಡಿ. ಅದನ್ನೂ ಟ್ಯಾಂಕಿನ ನೀರನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿ.

ಎಲ್ಲರೂ ಮೊದಲು ಉಪ್ಪನ್ನೇ ದೂರುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. 100 ಲೀಟರ್ ಟ್ಯಾಂಕ್, ಉಪ್ಪಿನಂಶ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು). 20 ಲೀಟರ್ ತೆಗೆದು 25 ಪಿಪಿಟಿಯ ನೀರು ಹಾಕಿದಿರಿ. 80×35 ಮತ್ತು 20×25 ಕೂಡಿಸಿ 100ರಿಂದ ಭಾಗಿಸಿದರೆ 33. ಇಷ್ಟು ದೊಡ್ಡ ತಪ್ಪಿಗೂ ಇಳಿದದ್ದು ಎರಡೇ ಅಲ್ವಾ! ಹವಳ ಮುದುಡಿಕೊಳ್ಳಬಹುದು, ಆದರೆ ಗಟ್ಟಿ ಮೀನು ಅಷ್ಟಕ್ಕೇ ಸಾಯುವುದಿಲ್ಲ. ಅರ್ಧ ಟ್ಯಾಂಕ್ ಬದಲಿಸಿದ್ದರೆ ಮಾತು ಬೇರೆ. ಉಪ್ಪು ಅಳೆಯಲು ಮುಳ್ಳಿನ ಹೈಡ್ರೋಮೀಟರ್ ಬಳಸುವವರು ಒಂದು ಗಮನಿಸಿ: ಮುಳ್ಳಿಗೆ ಸಣ್ಣ ಗಾಳಿಗುಳ್ಳೆ ಅಂಟಿದರೂ ಅದು ಮೇಲೇಳುತ್ತದೆ, ಉಪ್ಪು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಬೆರಳಿನಿಂದ ತಟ್ಟಿ, ಗುಳ್ಳೆ ಬಿಡಿಸಿ, ಮತ್ತೆ ನೋಡಿ.

ವಿಷದ ವಿಷಯ ಹೀಗಲ್ಲ. ನಲ್ಲಿ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಇದ್ದು, ತೆಗೆಯಲು ಮರೆತರೆ, ಅದೇ 20 ಲೀಟರಿನಿಂದ ಟ್ಯಾಂಕಿನಲ್ಲಿ 0.4 ಆಗುತ್ತದೆ. ಕಿವಿರು ಸುಡಲು ಅಷ್ಟು ಸಾಕು. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಇನ್ನೂ ಕಷ್ಟ. ರಾತ್ರಿಯಿಡೀ ತೆರೆದಿಟ್ಟರೂ ಹೋಗುವುದಿಲ್ಲ. ಸಾದಾ ಕ್ಲೋರಿನ್ ನಿವಾರಕ ಹಾಕಿದರೆ ಒಡೆದು ಅಮೋನಿಯಾ ಬಿಡುತ್ತದೆ.

ನನಗೆ ತುಂಬ ದಿನ ತಲೆಗೆ ಹತ್ತದೇ ಇದ್ದದ್ದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ. ಹೊಸ ನೀರು ಚೆನ್ನಾಗಿಯೇ ಇದೆ, ಆದರೂ ಮೀನು ಸತ್ತಿತು, ಹೇಗೆ? ಬಹಳ ಕಾಲ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ 7.6ಕ್ಕೆ ಇಳಿದಿರಬಹುದು. ಅಲ್ಲಿ ಸೇರಿಕೊಂಡ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟಾಗಿ ಕಾಡುವುದಿಲ್ಲ. ಹೊಸ ನೀರು ಪಿಎಚ್ಚನ್ನು 8.2ಕ್ಕೆ ಏರಿಸಿದರೆ ಅಮೋನಿಯಂ ಆಗದೆ ಉಳಿಯುವ ವಿಷದ ಪಾಲು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಒಟ್ಟು ಅಮೋನಿಯಾ ಮೊದಲಿಗಿಂತ ಕಡಿಮೆಯೇ ಇದ್ದರೂ ಮೀನಿಗೆ ತಡೆಯಲಾಗುವುದಿಲ್ಲ. ಅದಕ್ಕೇ ಇಂಥ ಟ್ಯಾಂಕಿನಲ್ಲಿ ಮೊದಲು ಅಮೋನಿಯಾ ಪರೀಕ್ಷಿಸಿ, ನೀರನ್ನು ಶೇಕಡಾ 5ರಷ್ಟೇ, ಹಲವು ದಿನ ಬದಲಿಸಿ.

ಬಕೆಟ್ಟಿನ ನೀರೂ ಸರಿ, ಅಮೋನಿಯಾವೂ ಇಲ್ಲ ಅಂದರೆ ಮರಳು ನೋಡಿ. ಪೈಪಿನಿಂದ ಆಳಕ್ಕೆ ಕೆದಕಿದ್ದಿರಾ? ತಳದ ಪದರ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಗಾಳಿ ಇನ್ನೂ ಹೆಚ್ಚಿಸಿ, ಫಿಲ್ಟರಿಗೆ ಹೊಸ ಕಾರ್ಬನ್ (ವಿಷ ಹೀರುವ ಇದ್ದಿಲು) ಹಾಕಿ, ಆ ಮರಳನ್ನು ಮತ್ತೆ ಮುಟ್ಟಬೇಡಿ.