ಲೈನ್ ಬಂತು, ಬಿಲ್ ಕಟ್ಟೋರು ಯಾರು?

ಹೋದ ವರ್ಷ ಶಿಕ್ಷಕರ ತರಬೇತಿಗೆಂದು ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಕಂಪ್ಯೂಟರ್ ಕೊಠಡಿಗೆ ಬೀಗ. ಬೀಗದ ಕೈ ಮುಖ್ಯ ಶಿಕ್ಷಕರ ಡ್ರಾಯರ್‌ನಲ್ಲಿ, ಸ್ಟಾಕ್ ರಿಜಿಸ್ಟರ್ ಕೆಳಗೆ. ಒಳಗೆ ಕಂಪ್ಯೂಟರ್‌ಗಳಿಗೆ ಬಟ್ಟೆ ಹೊದಿಸಿ ಅಚ್ಚುಕಟ್ಟಾಗಿಯೇ ಇಟ್ಟಿದ್ದರು. ಯುಪಿಎಸ್ ಬ್ಯಾಟರಿಗಳು ಮಾತ್ರ ಉಬ್ಬಿಕೊಂಡಿದ್ದವು. ಗೋಡೆಯ ಮೇಲೆ ಇಂಟರ್ನೆಟ್ ಪೆಟ್ಟಿಗೆ ಇತ್ತು, ಅದರ ದೀಪ ಉರಿಯುತ್ತಿರಲಿಲ್ಲ. ‘ಆರು ತಿಂಗಳು ಬಿಲ್ ಕಟ್ಟಿದ್ವಿ ಮೇಡಂ. ಆಮೇಲೆ ಯಾವ ಲೆಕ್ಕದಲ್ಲಿ ಕಟ್ಟೋದು ಅಂತ ಗೊತ್ತಾಗಲಿಲ್ಲ’ ಅಂದರು ಮುಖ್ಯ ಶಿಕ್ಷಕರು.

ಆ ಮೇಷ್ಟ್ರನ್ನು ನಾನು ದೂರುವುದಿಲ್ಲ. ಒಂದು ಮೌಸ್ ಕಳೆದರೂ ಆಡಿಟ್‌ನಲ್ಲಿ ಅವರೇ ಉತ್ತರ ಹೇಳಬೇಕು. ಮಕ್ಕಳು ಮುಟ್ಟಿ ಹಾಳಾದರೆ ಕೇಳುವವರಿದ್ದಾರೆ. ಯಾರೂ ಮುಟ್ಟದೆ ಹಾಳಾದರೆ ಕೇಳುವವರಿಲ್ಲ. ಅಂದಮೇಲೆ ಅವರು ಬೀಗ ಹಾಕದೆ ಇನ್ನೇನು ಮಾಡಿಯಾರು? ಮಕ್ಕಳ ವಿವರ ದಾಖಲಿಸುವ ಸರ್ಕಾರಿ ಜಾಲತಾಣ ‘ಸ್ಯಾಟ್ಸ್‌’ಗೆ ಮಾಹಿತಿ ತುಂಬುವುದನ್ನು ತಮ್ಮ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಮುಗಿಸುತ್ತಿದ್ದರು, ಸ್ವಂತ ದುಡ್ಡಿನಲ್ಲಿ.

ದೇಶದ ಶಾಲೆಗಳ ಅಂಕಿಅಂಶ ಕಲೆಹಾಕುವ ಕೇಂದ್ರದ ಯುಡೈಸ್ ಪ್ಲಸ್ ವರದಿ ಪ್ರಕಾರ 2023-24ರಲ್ಲಿ ದೇಶದ ಶೇ. 53.9ರಷ್ಟು ಶಾಲೆಗಳಲ್ಲಿ ಇಂಟರ್ನೆಟ್ ಇತ್ತು. 2024-25ರಲ್ಲಿ ಅದು ಶೇ. 63.5ಕ್ಕೆ ಏರಿತು. ಖುಷಿಯ ಸಂಗತಿಯೇ. ಆದರೆ ಈ ಅಂಕಿ ಹೇಳುವುದು ಸೌಲಭ್ಯ ಇದೆ ಅನ್ನೋದನ್ನು ಮಾತ್ರ. ವಾರಕ್ಕೆ ಎಷ್ಟು ಹೊತ್ತು ಅದು ಮಕ್ಕಳ ಕೈಗೆ ಸಿಕ್ಕಿತು ಅನ್ನೋದು ಅದರಲ್ಲಿಲ್ಲ.

ನಮ್ಮ ಯೋಜನೆಗಳೆಲ್ಲ ಹೆಚ್ಚಾಗಿ ಖರೀದಿಯ ಯೋಜನೆಗಳು. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತರುವ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಶುರು ಮಾಡಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ‘ಬೂಟ್’ ಗುತ್ತಿಗೆಯಲ್ಲಿ ಜಾರಿಗೆ ತಂದವು. ಕಂಪನಿಯೇ ಲ್ಯಾಬ್ ಕಟ್ಟಿ, ತನ್ನ ಬೋಧಕರನ್ನಿಟ್ಟು ನಡೆಸುತ್ತದೆ. ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗುತ್ತದೆ. ಅಷ್ಟೂ ವರ್ಷ ಗಣಿತ, ವಿಜ್ಞಾನದ ಮೇಷ್ಟ್ರುಗಳು ಆ ಕೊಠಡಿಯನ್ನು ‘ಕಂಪ್ಯೂಟರ್ ಸರ್ ರೂಮು’ ಅಂದುಕೊಂಡೇ ಇದ್ದರು. ಕಂಪ್ಯೂಟರ್ ಸರ್ ಹೋದ ದಿನ ರೂಮೂ ಅನಾಥವಾಯಿತು.

ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಶಾಲೆಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿತು. ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. 2017ರಲ್ಲಿ ಅದೇ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ನನಗೆ ತುಂಬಾ ಇಷ್ಟವಾದದ್ದು ‘ಲಿಟಲ್ ಕೈಟ್ಸ್’. ಪ್ರೌಢಶಾಲೆ ಮಕ್ಕಳ ಈ ಕ್ಲಬ್ಬಿನವರು ತಮ್ಮ ಶಾಲೆಯ ಉಪಕರಣಗಳ ಉಸ್ತುವಾರಿಗೂ ಕೈ ಜೋಡಿಸುತ್ತಾರೆ. ಬೀಗ ಹಾಕಿಡೋದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ನಮ್ಮಲ್ಲೂ ಒಳ್ಳೆಯ ಕೆಲಸ ಆಗಿದೆ. 2011ರಿಂದ ‘ಸಬ್ಜೆಕ್ಟ್ ಟೀಚರ್ ಫೋರಂ’ ಮೂಲಕ ಪ್ರೌಢಶಾಲಾ ಶಿಕ್ಷಕರು ಕಂಪ್ಯೂಟರ್ ಕಲಿತು, ಕನ್ನಡದಲ್ಲೇ ಪಾಠ ಸಾಮಗ್ರಿ ಬರೆದು ಹಂಚಿಕೊಂಡರು. ಆ ಉತ್ಸಾಹವನ್ನು ಹತ್ತಿರದಿಂದ ನೋಡಿದ್ದೇನೆ. ಕೊರತೆ ಇದ್ದದ್ದು ಮೇಷ್ಟ್ರುಗಳಲ್ಲಿ ಅಲ್ಲ.

ಮತ್ತೆ ಬಿಲ್ಲಿನ ವಿಷಯಕ್ಕೆ ಬರೋಣ. ಅಮೆರಿಕದ ‘ಇ-ರೇಟ್’ ಯೋಜನೆಗೆ 1996ರ ದೂರಸಂಪರ್ಕ ಕಾಯ್ದೆಯೇ ಬುನಾದಿ. ಶಾಲೆ, ಗ್ರಂಥಾಲಯಗಳ ಇಂಟರ್ನೆಟ್ ಖರ್ಚಿನಲ್ಲಿ ಶೇ. 20ರಿಂದ 90ರವರೆಗೆ ಅದು ಭರಿಸುತ್ತದೆ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗೆ ಜಾಸ್ತಿ ರಿಯಾಯಿತಿ. ಟೆಲಿಫೋನ್ ಕಂಪನಿಗಳಿಂದ ಸಂಗ್ರಹಿಸುವ ನಿಧಿಯಿಂದ ವರ್ಷ ವರ್ಷವೂ ಈ ದುಡ್ಡು ಬರುತ್ತದೆ. 1994ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ತರಗತಿ ಕೋಣೆಗಳಲ್ಲಿ ಶೇ. 3ರಷ್ಟಕ್ಕೆ ಮಾತ್ರ ಇಂಟರ್ನೆಟ್ ಇತ್ತು. 2005ರ ಹೊತ್ತಿಗೆ ಶೇ. 94 ಆಗಿತ್ತು. ಈ ನಿಧಿ ಮಕ್ಕಳ ಕಂಪ್ಯೂಟರ್‌ಗೆ ದುಡ್ಡು ಕೊಡುವುದಿಲ್ಲ, ಅದೊಂದು ಕೊರತೆ. ಆದರೆ ತಿಂಗಳ ಬಿಲ್ ಬಂದೇ ಬರುತ್ತದೆ ಅನ್ನೋದನ್ನು ಅವರು ಮೊದಲ ದಿನವೇ ಲೆಕ್ಕಕ್ಕೆ ಹಿಡಿದರು.

2025-26ರ ಕೇಂದ್ರ ಬಜೆಟ್ ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಭಾರತ್‌ನೆಟ್ ಯೋಜನೆ ಮೂಲಕ ಗ್ರಾಮೀಣ ಭಾಗದ ಎಲ್ಲಾ ಸರ್ಕಾರಿ ಪ್ರೌಢಶಾಲೆಗಳಿಗೂ ಬ್ರಾಡ್‌ಬ್ಯಾಂಡ್ ಕೊಡುವುದಾಗಿ ಹೇಳಿದೆ. ನಿಮ್ಮೂರ ಶಾಲೆಗೂ ಲೈನ್ ಬರಬಹುದು. ನೀವು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದರೆ ಅವತ್ತೇ ಕೇಳಿ: ಎರಡನೇ ವರ್ಷದ ಬಿಲ್ ಯಾವ ಲೆಕ್ಕದಿಂದ? ಬ್ಯಾಟರಿ ಸತ್ತರೆ ಸಾದಿಲ್ವಾರಿನಲ್ಲಿ, ಅಂದರೆ ಶಾಲೆಯ ಸಣ್ಣಪುಟ್ಟ ಖರ್ಚಿನ ದುಡ್ಡಿನಲ್ಲಿ, ಕೊಳ್ಳಬಹುದಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮಕ್ಕಳು ಬಳಸುವಾಗ ಕೆಟ್ಟರೆ ಮುಖ್ಯ ಶಿಕ್ಷಕರ ಮೇಲೆ ಹೊಣೆ ಹೊರಿಸುವುದಿಲ್ಲ ಅಂತಲೂ ಬರೆಸಿ. ಬೀಗ ತೆಗೆಸೋದು ಈ ಒಂದು ಸಾಲೇ.

ಆ ಶಾಲೆಗೆ ಮೊನ್ನೆ ಮತ್ತೆ ಹೋಗಿದ್ದೆ. ಎಸ್‌ಡಿಎಂಸಿಯವರು ದುಡ್ಡು ಸೇರಿಸಿ ಬ್ಯಾಟರಿ ಹಾಕಿಸಿದ್ದಾರೆ, ಲೈನೂ ಬಂದಿದೆ. ಒಂಬತ್ತನೇ ತರಗತಿ ಮಕ್ಕಳು ಉಪಗ್ರಹ ನಕ್ಷೆಯಲ್ಲಿ ತಮ್ಮೂರ ಕೆರೆ ಹುಡುಕಿದ್ದರು. ಹಳೆಯ ವರ್ಷದ ಚಿತ್ರ ತೆಗೆದು ನೋಡಿ, ‘ಮಿಸ್, ಕೆರೆ ಎಷ್ಟು ಚಿಕ್ಕದಾಗಿದೆ!’ ಅಂತ ಒಬ್ಬಳು ಕೂಗಿದಳು. ನಾಲ್ಕು ಜನ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ಮುಖ್ಯ ಶಿಕ್ಷಕರು ಬಿಲ್ಲಿನ ರಸೀದಿಗಳನ್ನು ಒಂದು ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದರು. ‘ಮಾರ್ಚ್‌ವರೆಗೆ ದುಡ್ಡಿದೆ ಮೇಡಂ’ ಅಂದರು.