ಕೊನೆಯ ರೀಲಿನಲ್ಲಿ ಸಾಯಲೇಬೇಕಾದವನು

ನಮ್ಮಲ್ಲಿ ಲಾಂಗು ಮಚ್ಚಿನ ಸಿನಿಮಾ ಬಂದಾಗಲೆಲ್ಲಾ ಅದೇ ಜಗಳ. ಇದನ್ನು ನೋಡಿ ಹುಡುಗರು ಕೆಡುತ್ತಾರೆ ಅಂತ ಒಬ್ಬರು. ಕೊನೆಗೆ ರೌಡಿ ಸಾಯುತ್ತಾನಲ್ಲ, ಅದೇ ಪಾಠ ಅಲ್ವಾ ಅಂತ ಇನ್ನೊಬ್ಬರು. ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ ಈ ಜಗಳ 1931ರಲ್ಲೇ ಅಮೆರಿಕದಲ್ಲಿ ನಡೆದಿತ್ತು. ಜಗಳ ತಂದ ಆ ಕಪ್ಪು-ಬಿಳುಪು ಗ್ಯಾಂಗ್‌ಸ್ಟರ್ ಸಿನಿಮಾಗಳನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗಿ ನೋಡುತ್ತಾರೆ.

ನಾನು ಇವುಗಳನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ಕೇಬಲ್ ಟಿವಿಯಲ್ಲಿ. ಆಗ ಕಾರ್ಟೂನ್ ನೆಟ್‌ವರ್ಕ್ ಇಡೀ ದಿನದ ಚಾನೆಲ್ ಆಗಿರಲಿಲ್ಲ. ಹಗಲು ಬೆಕ್ಕು ಇಲಿ ಓಡಾಡುತ್ತಿದ್ದ ಜಾಗದಲ್ಲೇ ರಾತ್ರಿ ಟಿಎನ್‌ಟಿ ಅನ್ನುವ ಚಾನೆಲ್ ಶುರುವಾಗಿ ಹಳೇ ಹಾಲಿವುಡ್ ಬರುತ್ತಿತ್ತು. ಒಂದು ರಾತ್ರಿ ರಿಮೋಟ್ ಸಿಗದೆ ಸುಮ್ನೆ ಕೂತೆ. ಹ್ಯಾಟು ಹಾಕಿದ ಒಬ್ಬ ಕುಳ್ಳ ತುಂಬ ಬೇಗ ಬೇಗ ಮಾತಾಡುತ್ತಿದ್ದ. ಅರ್ಧ ಇಂಗ್ಲಿಷ್ ಅರ್ಥವಾಗಲಿಲ್ಲ. ಆದರೂ ಎದ್ದು ಹೋಗಲಿಲ್ಲ.

ಇದರ ಬೇರು ಪಾನನಿಷೇಧದಲ್ಲಿದೆ. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಮೆರಿಕದಲ್ಲಿ ಹೆಂಡ ಮಾರುವುದು ಅಪರಾಧ. ಕುಡಿಯುವವರೇನೂ ನಿಲ್ಲಿಸಲಿಲ್ಲ, ಮಾರುವವರು ಮಾತ್ರ ಬದಲಾದರು. ಗಲ್ಲಿಯ ಪುಂಡರು ದೊಡ್ಡ ಕುಳಗಳಾದರು. 1929ರ ಫೆಬ್ರವರಿ 14ರಂದು ಶಿಕಾಗೋದ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಷೇರುಪೇಟೆ ಬಿತ್ತು. ಸಾವಿರಾರು ಬ್ಯಾಂಕುಗಳು ಬಾಗಿಲು ಹಾಕಿದವು. ನಿಯತ್ತಾಗಿ ದುಡಿದು ಕೂಡಿಟ್ಟವನ ದುಡ್ಡು ಹೋಯಿತು. ಕಳ್ಳಹೆಂಡ ಮಾರಿದವನ ಮೈಮೇಲೆ ರೇಷ್ಮೆ ಶರ್ಟು ಹಾಗೇ ಇತ್ತು. ಟಿಕೆಟ್ ಕೊಂಡು ಒಳಗೆ ಕೂತವನಿಗೆ ಯಾರನ್ನು ನೋಡಬೇಕು ಅನ್ನಿಸಿರಬಹುದು?

ಆಗಷ್ಟೇ ಸಿನಿಮಾಕ್ಕೆ ಮಾತು ಬಂದಿತ್ತು. ನನ್ನ ಲೆಕ್ಕದಲ್ಲಿ ಈ ಸಿನಿಮಾಗಳ ಜೀವ ಇರುವುದು ಬಂದೂಕಿಗಿಂತ ಜಾಸ್ತಿ ಆ ಮಾತಿನಲ್ಲೇ. 1931ರ ಜನವರಿಯಲ್ಲಿ ಬಂದ 'ಲಿಟಲ್ ಸೀಸರ್'ನ ಎಡ್ವರ್ಡ್ ಜಿ. ರಾಬಿನ್ಸನ್ ಹುಟ್ಟಿದ್ದು ರುಮೇನಿಯಾದ ಬುಕಾರೆಸ್ಟ್‌ನಲ್ಲಿ. ನಾಲ್ಕೇ ತಿಂಗಳಲ್ಲಿ ಬಂದ 'ದ ಪಬ್ಲಿಕ್ ಎನಿಮಿ'ಯ ಜೇಮ್ಸ್ ಕ್ಯಾಗ್ನಿ ಬೆಳೆದದ್ದು ನ್ಯೂಯಾರ್ಕಿನ ಬಡವರ ಬೀದಿಗಳಲ್ಲಿ. 1932ರ 'ಸ್ಕಾರ್‌ಫೇಸ್'ನ ಪಾಲ್ ಮ್ಯೂನಿ ಯಹೂದಿಗಳ ಯಿಡ್ಡಿಷ್ ಭಾಷೆಯ ನಾಟಕ ಕಂಪನಿಗಳಲ್ಲಿ ಪಳಗಿದವನು. ಅಲ್ಲಿಯವರೆಗೆ ಪರದೆ ಮೇಲೆ ನಾಟಕದ ಶುದ್ಧ ಇಂಗ್ಲಿಷು. ಈಗ ಬೀದಿಯ ಮಾತು ಕೇಳಿಸಿತು. ಮೂವರಲ್ಲಿ ಒಬ್ಬನೂ ಹೀರೋ ಥರ ಚೆಂದದವನಲ್ಲ. ಮುಂದಿನ ಬೆಂಚಿನವನಿಗೆ 'ಇವನು ನಮ್ಮವನು' ಅನ್ನಿಸಲು ಇನ್ನೇನು ಬೇಕು?

ಆ ಬೀದಿಯ ಮಾತಿನ ನಡುವೆ ಎಲ್ಲಿ ಸುಮ್ಮನಿರಬೇಕು ಅನ್ನುವುದೂ ಇವರಿಗೆ ಗೊತ್ತಿತ್ತು. 'ಪಬ್ಲಿಕ್ ಎನಿಮಿ'ಯಲ್ಲಿ ಕ್ಯಾಗ್ನಿ ಬೆಳಗಿನ ತಿಂಡಿಯ ಹೊತ್ತಿಗೆ ಗ್ರೇಪ್‌ಫ್ರೂಟ್, ಅಂದರೆ ನಮ್ಮ ಚಕ್ಕೋತದ ತಮ್ಮ, ಅದರ ಹೋಳನ್ನು ಹುಡುಗಿಯ ಮುಖಕ್ಕೆ ತಿಕ್ಕುತ್ತಾನೆ. ಎಲ್ಲರೂ ನೆನೆಸಿಕೊಳ್ಳುವುದು ಅದನ್ನೇ. ನನಗೆ ಮಳೆಯ ದೃಶ್ಯವೇ ದೊಡ್ಡದು. ಗೆಳೆಯನನ್ನು ಕೊಂದವರು ಸೇರಿರುವ ಜಾಗಕ್ಕೆ ಅವನು ಒಬ್ಬನೇ ಹೋಗುತ್ತಾನೆ. ಧೋ ಅಂತ ಮಳೆ. ಕ್ಯಾಮೆರಾ ಅವನ ಹಿಂದೆ ಒಳಗೆ ಹೋಗುವುದಿಲ್ಲ, ಬೀದಿಯಲ್ಲೇ ನಿಲ್ಲುತ್ತದೆ. ನಮಗೆ ಸಿಗುವುದು ಗುಂಡಿನ ಸದ್ದು, ಕೂಗಾಟ. ಆಮೇಲೆ ಅವನು ತೂರಾಡುತ್ತಾ ಹೊರಗೆ ಬಂದು, ನಾನೇನು ಅಂಥಾ ಗಟ್ಟಿ ಆಸಾಮಿಯಲ್ಲ ಅಂತ ಗೊಣಗಿ ಚರಂಡಿ ಪಕ್ಕದ ನೀರಿಗೆ ಬೀಳುತ್ತಾನೆ. ಬಣ್ಣ ಇದ್ದಿದ್ದರೆ ನಮ್ಮ ಕಣ್ಣು ರಕ್ತ ಹುಡುಕುತ್ತಿತ್ತು. ಇಲ್ಲಿ ಮಳೆಯೂ ಕಪ್ಪು, ಬೀದಿಯೂ ಕಪ್ಪು. ಮುಖ ಒಂದೇ ಬೆಳ್ಳಗೆ.

'ಸ್ಕಾರ್‌ಫೇಸ್' ಇನ್ನೂ ತುಂಟ. ಹೆಣ ಬೀಳುವ ಕಡೆಯೆಲ್ಲಾ ನಿರ್ದೇಶಕ ಹೋವರ್ಡ್ ಹಾಕ್ಸ್ ಎಲ್ಲಾದರೂ ಒಂದು ಇಂಟು ಗುರುತು ಅಡಗಿಸಿಟ್ಟಿದ್ದಾರೆ. ಒಬ್ಬ ಬೌಲಿಂಗ್ ಆಡುತ್ತಾ ಚೆಂಡು ಉರುಳಿಸುತ್ತಾನೆ. ಆ ಆಟದಲ್ಲಿ ಎಲ್ಲಾ ಪಿನ್ನು ಒಂದೇ ಏಟಿಗೆ ಬಿದ್ದರೆ ಅಂಕಪಟ್ಟಿಯಲ್ಲಿ ಇಂಟು ಹಾಕುತ್ತಾರೆ. ಪೆನ್ಸಿಲ್ ಅದನ್ನು ಗೀಚುತ್ತದೆ, ಗುಂಡು ಹಾರುತ್ತದೆ. ಅತ್ತ ಉಳಿದಿದ್ದ ಒಂದೇ ಒಂದು ಪಿನ್ನು ಗಿರಗಿರ ತಿರುಗಿ ತಿರುಗಿ ಬೀಳುತ್ತದೆ. ಸತ್ತವನನ್ನು ತೋರಿಸುವ ಗೋಜೇ ಇಲ್ಲ.

ಗಲಾಟೆ ಎದ್ದದ್ದು ಇಲ್ಲಿ. ಚರ್ಚಿನವರು, ಮಹಿಳಾ ಸಂಘಗಳು, ಊರೂರಿನ ಸೆನ್ಸಾರ್ ಮಂಡಳಿಗಳು ಎಲ್ಲರೂ ಮುಗಿಬಿದ್ದರು. ಸ್ಟುಡಿಯೋದವರೂ ಪೂರ್ತಿ ಅಮಾಯಕರಲ್ಲ. ಪುಂಡನನ್ನು ಮೆರೆಸುವುದು ನಮ್ಮ ಉದ್ದೇಶವಲ್ಲ ಅಂತ ಶುರುವಿನಲ್ಲೇ ಒಂದು ಫಲಕ ಹಾಕಿ, ಮುಂದಿನ ಒಂದೂವರೆ ಗಂಟೆ ಬೇರೇನೋ ತೋರಿಸುತ್ತಿದ್ದರು. 'ಸ್ಕಾರ್‌ಫೇಸ್' ಬಿಡುಗಡೆಗೆ ಮೊದಲೇ ತಿಂಗಳುಗಟ್ಟಲೆ ಎಳೆದಾಟವಾಯಿತು. ಹೆಸರಿಗೆ 'ದೇಶದ ನಾಚಿಕೆಗೇಡು' ಅನ್ನುವ ಬಾಲ ಸೇರಿತು. ಸರ್ಕಾರ ಏನು ಮಾಡುತ್ತಿದೆ ಅಂತ ಕೇಳುವ ಮುನ್ನುಡಿ ಸೇರಿತು. ಪೊಲೀಸರ ಗುಂಡಿಗೆ ಬೀದಿಯಲ್ಲಿ ಸಾಯುವುದು ಸಾಲದು, ಕಾನೂನೇ ಅವನನ್ನು ಕೊಲ್ಲಬೇಕು ಅಂತ ಗಲ್ಲಿಗೇರಿಸುವ ಇನ್ನೊಂದು ಕೊನೆಯನ್ನೂ ಚಿತ್ರೀಕರಿಸಿದರು. ಆ ಹೊತ್ತಿಗೆ ಮ್ಯೂನಿ ಕೈಗೆ ಸಿಗಲಿಲ್ಲ. ಹಾಗಾಗಿ ಆ ಕೊನೆಯಲ್ಲಿ ಅಪರಾಧಿಯ ಮುಖವೇ ಇಲ್ಲ. ಜಡ್ಜ್ ಸಾಹೇಬರು ಕ್ಯಾಮೆರಾ ನೋಡಿಕೊಂಡು ಉದ್ದಕ್ಕೆ ಬೈಯುತ್ತಾರೆ. ಎರಡೂ ಕೊನೆಗಳನ್ನು ನೋಡಿದವರು ಎರಡನೆಯದನ್ನು ಮತ್ತೆ ಹಾಕಿ ನೋಡುತ್ತಾರೆ ಅಂತ ನನಗನ್ನಿಸುವುದಿಲ್ಲ.

ಹೇಸ್ ಕೋಡ್ ಅನ್ನುವ, ಸಿನಿಮಾದವರೇ ಮಾಡಿಕೊಂಡ ನೀತಿಸಂಹಿತೆ 1930ರಲ್ಲೇ ಬಂದಿತ್ತು. ಕಾಗದದಲ್ಲಿತ್ತು ಅಷ್ಟೇ. 1934ರ ಜುಲೈಯಿಂದ, ಅದನ್ನು ಜಾರಿಗೆ ತರುವ ಹೊಣೆ ಹೊತ್ತ ಜೋಸೆಫ್ ಬ್ರೀನ್ ಕಚೇರಿಯ ಮುದ್ರೆ ಇಲ್ಲದೆ ದೊಡ್ಡ ಥಿಯೇಟರ್‌ಗಳಲ್ಲಿ ಜಾಗವಿಲ್ಲ ಅಂತಾಯಿತು. ಅಪರಾಧಿಯ ಮೇಲೆ ಕನಿಕರ ಹುಟ್ಟಬಾರದು, ಅಪರಾಧಕ್ಕೆ ಶಿಕ್ಷೆ ಆಗಲೇಬೇಕು. ಅದೇ ತಿಂಗಳ 22ರಂದು ಜಾನ್ ಡಿಲಿಂಜರ್ ಎಂಬ ನಿಜವಾದ ಬ್ಯಾಂಕ್ ದರೋಡೆಕೋರ ಶಿಕಾಗೋದ ಬಯೋಗ್ರಾಫ್ ಥಿಯೇಟರ್‌ನಿಂದ ಹೊರಬರುತ್ತಲೇ ಕೇಂದ್ರ ತನಿಖಾ ದಳದವರ ಗುಂಡಿಗೆ ಬಲಿಯಾದ. ಅವನು ನೋಡಿ ಬಂದದ್ದು ಕ್ಲಾರ್ಕ್ ಗೇಬಲ್ ನಟಿಸಿದ ಗ್ಯಾಂಗ್‌ಸ್ಟರ್ ಸಿನಿಮಾ. ಕಥೆ ಕಟ್ಟುವವರೂ ಇಷ್ಟು ನೇರವಾಗಿ ಬರೆಯಲು ಹಿಂಜರಿಯುತ್ತಾರೆ.

ಸಾಯಲೇಬೇಕು ಅಂತ ನಿಯಮ ಮಾಡಿದ ಮೇಲೆ ಸಾವೇ ಸಿನಿಮಾದ ಅತಿ ಚೆಂದದ ಭಾಗವಾಯಿತು. ಪ್ರೇಕ್ಷಕನಿಗೆ ಮೊದಲ ರೀಲಿನಲ್ಲೇ ಗೊತ್ತು, ಇವನು ಉಳಿಯುವುದಿಲ್ಲ. ಅಂಥವನು ಹೊಸ ಸೂಟು ಹೊಲಿಸಿಕೊಂಡು ಕನ್ನಡಿ ಮುಂದೆ ನಿಂತರೆ ಕರುಳು ಚುರುಕ್ ಅನ್ನುತ್ತದೆ. 1938ರ 'ಏಂಜೆಲ್ಸ್ ವಿತ್ ಡರ್ಟಿ ಫೇಸಸ್'ನಲ್ಲಿ ಪಾದ್ರಿ ಮರಣದಂಡನೆಗೆ ಕಾದಿರುವ ಕ್ಯಾಗ್ನಿಯನ್ನು ಬೇಡಿಕೊಳ್ಳುತ್ತಾನೆ: ನಿನ್ನನ್ನು ದೇವರೆಂದು ನಂಬಿದ ಹುಡುಗರಿಗೋಸ್ಕರ ಹೇಡಿಯಂತೆ ಸಾಯಿ. ಅವನು ಆಗಲ್ಲ ಅನ್ನುತ್ತಾನೆ. ಆಮೇಲೆ ಗೋಡೆಯ ಮೇಲೆ ನೆರಳು, ಅಳು, ಗೋಗರೆತ. ನಾಟಕವೋ, ನಿಜವಾದ ಭಯವೋ? ಕ್ಯಾಗ್ನಿ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಕೋಡ್ ಕೇಳಿದ್ದೆಲ್ಲ ಆ ದೃಶ್ಯದಲ್ಲಿದೆ. ಆದರೂ ನಮ್ಮ ಮನಸ್ಸು ಹೋಗುವುದು ಅವನ ಕಡೆಗೇ.

ಮುಂದಿನದು ಬೇಗ ಹೇಳಬಹುದು. ಯುದ್ಧ ಬಂತು, ಪುಂಡನ ಬದಲು ಪತ್ತೇದಾರ ಬಂದ. 1949ರ 'ವೈಟ್ ಹೀಟ್' ಸಿನಿಮಾದಲ್ಲಿ ಕ್ಯಾಗ್ನಿ ಗ್ಯಾಸ್ ಟ್ಯಾಂಕಿನ ತುದಿಯಲ್ಲಿ ಅಮ್ಮನನ್ನು ಕೂಗುತ್ತಾ ಸಿಡಿದುಹೋದ. 1968ರಲ್ಲಿ ಕೋಡ್ ಹೋಗಿ ವಯಸ್ಸಿನ ರೇಟಿಂಗ್ ಬಂತು, ಸಾಯುವುದು ಕಡ್ಡಾಯವಲ್ಲ ಅಂತಾಯಿತು. ಅಷ್ಟರಲ್ಲಿ, 1956ರಲ್ಲೇ, ವಾರ್ನರ್ ಬ್ರದರ್ಸ್ ತನ್ನ ಹಳೇ ಸಿನಿಮಾಗಳನ್ನು ಸಾರಾಸಗಟಾಗಿ ಮಾರಿಬಿಟ್ಟಿತ್ತು. ಅವು ಟಿವಿಗೆ ಬಂದವು, ಕೈಯಿಂದ ಕೈಗೆ ಹೋಗಿ 1986ರಲ್ಲಿ ಟಿವಿ ಉದ್ಯಮಿ ಟೆಡ್ ಟರ್ನರ್ ಪಾಲಾದವು. 1995ರಲ್ಲಿ ಅವರ ಚಾನೆಲ್ ಭಾರತಕ್ಕೆ ಬಂದಾಗ ಕಾರ್ಟೂನಿನ ಜೊತೆ ಈ ಪುಂಡರೂ ನಮ್ಮ ಮನೆಗೆ ಬಂದರು.

ಆ ರಾತ್ರಿ ನಾನು ನೋಡಿದ್ದು 'ಪಬ್ಲಿಕ್ ಎನಿಮಿ'. ಕೊನೆಯಲ್ಲಿ ಮಗ ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ ಅಂತ ತಾಯಿ ಮಹಡಿಯಲ್ಲಿ ಹಾಸಿಗೆ ಸರಿಮಾಡುತ್ತಿದ್ದಾಳೆ. ಕೆಳಗೆ ಗ್ರಾಮಫೋನಿನಲ್ಲಿ ಖುಷಿಯ ಹಾಡು. ಬಾಗಿಲು ತಟ್ಟಿದ ಸದ್ದು. ಅಣ್ಣ ತೆರೆಯುತ್ತಾನೆ. ಬ್ಯಾಂಡೇಜ್ ಸುತ್ತಿದ ಹೆಣ ಹೊಸ್ತಿಲಲ್ಲಿ ನಿಂತಿದೆ. ಒಂದು ಕ್ಷಣ ಹಾಗೇ ನಿಂತು ಮುಂದಕ್ಕೆ ಬೋರಲು ಬೀಳುತ್ತದೆ. ಹಾಡು ಮುಗಿದು ಮುಳ್ಳು ಪ್ಲೇಟಿನ ಮೇಲೆ ಕೆರೆಯುತ್ತಲೇ ಇರುತ್ತದೆ.

ಅಡುಗೆಮನೆ ಕದದ ಹತ್ತಿರ ಅಮ್ಮ ಯಾವಾಗ ಬಂದು ನಿಂತಿದ್ದಳೋ ನನಗೆ ಗೊತ್ತಿಲ್ಲ. "ಮುಂಬಾಗಿಲ ಚಿಲಕ ಹಾಕಿದೀಯಾ ನೋಡೋ" ಅಂದಳು.