ಶುಕ್ರವಾರ ಅಲ್ ಕಹ್ಫ್ ಯಾಕೆ ಓದುತ್ತಾರೆ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ದೊಡ್ಡವರು ಪ್ರತಿ ಶುಕ್ರವಾರ ತಪ್ಪದೆ ಅಲ್ ಕಹ್ಫ್ ಸೂರಾ (ಕುರ್‌ಆನಿನ ‘ಗುಹೆ’ ಎಂಬ ಅಧ್ಯಾಯ) ಓದುತ್ತಾರೆ. ಶುಕ್ರವಾರವೇ ಯಾಕೆ? ಅದರಲ್ಲಿ ಅಂಥದ್ದೇನಿದೆ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಶುಕ್ರವಾರ ಈ ಸೂರಾ ಓದಿದವರಿಗೆ ಎರಡು ಜುಮಾಗಳ (ಶುಕ್ರವಾರಗಳ) ನಡುವೆ ಬೆಳಕು ಸಿಗುತ್ತದೆ ಎಂಬ ಮಾತು ಪ್ರವಾದಿಯವರ ಸಂಗಾತಿ ಅಬೂ ಸಈದ್ ಅಲ್ ಖುದ್ರಿ ಅವರಿಂದ ಬಂದಿದೆ. ಅದು ಪ್ರವಾದಿ ಮುಹಮ್ಮದರ (ಸ) ಮಾತೋ, ಅಬೂ ಸಈದರ ಸ್ವಂತ ಮಾತೋ ಎಂಬ ಬಗ್ಗೆ ಹದೀಸ್ (ಪ್ರವಾದಿಯವರ ನುಡಿ ನಡೆಗಳ ವರದಿ) ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಗಿದ್ದರೂ ಇಮಾಮ್ ಶಾಫಿಈ ಸೇರಿ ಅನೇಕರು ಓದುವುದು ಒಳ್ಳೆಯದು ಎಂದಿದ್ದಾರೆ. ಕಡ್ಡಾಯವೇನಲ್ಲ. ಇಸ್ಲಾಮಿನಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಗುರುವಾರ ಸಂಜೆ ಮಗ್ರಿಬ್‌ನಿಂದ (ಸೂರ್ಯಾಸ್ತದ ನಮಾಜಿನ ಹೊತ್ತು) ಶುಕ್ರವಾರ ಮಗ್ರಿಬ್ ತನಕ ಯಾವಾಗ ಬೇಕಾದರೂ ಓದಬಹುದು.

ಎರಡನೇ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಇದು ಕುರ್‌ಆನಿನ 18ನೇ ಸೂರಾ, 110 ಆಯತ್‌ಗಳು (ವಚನಗಳು), ಮಕ್ಕಾದಲ್ಲಿ ಇಳಿದದ್ದು. ಆಗ ಮಕ್ಕಾದಲ್ಲಿ ಮುಸ್ಲಿಮರು ಬೆರಳೆಣಿಕೆಯಷ್ಟು. ಪ್ರವಾದಿಯವರ ಜೀವನಚರಿತ್ರೆ ಬರೆದ ಇಬ್ನ್ ಇಸ್‌ಹಾಕ್ ಪ್ರಕಾರ ಮಕ್ಕಾದ ಕುರೈಶ್ ಬುಡಕಟ್ಟಿನವರು ಮದೀನಾದ ಯಹೂದಿ ವಿದ್ವಾಂಸರ ಹತ್ತಿರ ಆಳು ಕಳಿಸಿ, ಪ್ರವಾದಿಯವರನ್ನು ಪರೀಕ್ಷಿಸಲು ಮೂರು ಪ್ರಶ್ನೆ ತರಿಸಿಕೊಂಡರು. ಹಿಂದೆ ಕಾಣೆಯಾದ ಯುವಕರು ಯಾರು? ಭೂಮಿಯ ಪೂರ್ವ ಪಶ್ಚಿಮ ತಲುಪಿದವನು ಯಾರು? ಆತ್ಮ ಎಂದರೇನು? ‘ನಾಳೆ ಹೇಳುತ್ತೇನೆ’ ಎಂದರು ಪ್ರವಾದಿ. ‘ಅಲ್ಲಾಹನು ಇಚ್ಛಿಸಿದರೆ’ ಎಂದು ಸೇರಿಸಲಿಲ್ಲ. ಹದಿನೈದು ದಿನ ದಿವ್ಯವಾಣಿ ಬರಲೇ ಇಲ್ಲ. ಊರಿಡೀ ಆಡಿಕೊಂಡಿತು. ಕೊನೆಗೆ ಉತ್ತರ ಬಂದಾಗ ಅದರ ಜೊತೆಗೇ ಒಂದು ತಿದ್ದುಪಡಿಯೂ ಬಂತು: ಯಾವ ಕೆಲಸದ ಬಗ್ಗೆಯೂ ‘ನಾಳೆ ಮಾಡುತ್ತೇನೆ’ ಎಂದು ಸುಮ್ನೆ ಹೇಳಬೇಡ, ಅಲ್ಲಾಹನು ಇಚ್ಛಿಸಿದರೆ ಎಂದು ಹೇಳು. ನಾವು ದಿನಾ ಹೇಳುವ ಇನ್‌ಶಾ ಅಲ್ಲಾಹ್‌ಗೆ ಆಧಾರ ಈ 23, 24ನೇ ಆಯತ್‌ಗಳು. ತನ್ನ ಪ್ರವಾದಿಯನ್ನೇ ತಿದ್ದಿದ ಮಾತನ್ನು ಕುರ್‌ಆನ್ ಮುಚ್ಚಿಡಲಿಲ್ಲ. ನನಗೆ ಈ ಸೂರಾದಲ್ಲಿ ಎಲ್ಲಕ್ಕಿಂತ ಹೆಚ್ಚು ನಾಟುವುದು ಇದೇ.

ಆ ಯುವಕರ ಕಥೆ ನಿಮಗೆ ಗೊತ್ತಿರಬಹುದು. ಒಬ್ಬನೇ ದೇವರನ್ನು ನಂಬಿದ್ದಕ್ಕೆ ಊರು ಬಿಟ್ಟು ಗುಹೆ ಸೇರಿದರು. ಅಲ್ಲಾಹ್ ಅವರನ್ನು ಮಲಗಿಸಿದ. ಸೂರ್ಯ ಹುಟ್ಟುವಾಗ ಬಿಸಿಲು ಬಲಕ್ಕೆ ಸರಿಯುತ್ತಿತ್ತು, ಮುಳುಗುವಾಗ ಎಡಕ್ಕೆ. ಹೊಸ್ತಿಲಲ್ಲಿ ಅವರ ನಾಯಿ ಮುಂಗಾಲು ಚಾಚಿ ಮಲಗಿತ್ತು. ಎದ್ದಾಗ ‘ಒಂದು ದಿನವೋ ಅರ್ಧ ದಿನವೋ ಮಲಗಿರಬೇಕು’ ಎಂದುಕೊಂಡರು. ಬೆಳ್ಳಿ ನಾಣ್ಯ ಕೊಟ್ಟು ಒಬ್ಬನನ್ನು ಪೇಟೆಗೆ ಕಳಿಸಿದರು: ಶುದ್ಧವಾದ ಊಟ ನೋಡಿ ತಾ, ಯಾರಿಗೂ ಸುಳಿವು ಕೊಡಬೇಡ. ಅಷ್ಟರಲ್ಲಿ 300 ವರ್ಷ, ಮೇಲೆ ಒಂಬತ್ತು ಕಳೆದಿತ್ತು. ಆ ಒಂಬತ್ತು ಸೌರಮಾನದ 300 ವರ್ಷವನ್ನು ಚಾಂದ್ರಮಾನಕ್ಕೆ ತಂದಾಗ ಬರುವ ವ್ಯತ್ಯಾಸ ಎಂದು ಅನೇಕ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಲೆಕ್ಕವೂ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಒಟ್ಟು ಎಷ್ಟು ಜನ ಇದ್ದರು ಎಂದೂ ಬಹಳಷ್ಟು ಮಂದಿ ಕೇಳುತ್ತಾರೆ. ಜನ ಮೂರು ಅಂತಾರೆ, ಐದು ಅಂತಾರೆ, ಏಳು ಅಂತಾರೆ, ನಾಯಿ ಬೇರೆ. ಅವರ ಸಂಖ್ಯೆ ನನ್ನ ಪ್ರಭುವಿಗೇ ಚೆನ್ನಾಗಿ ಗೊತ್ತು ಎಂದುಬಿಡು, ಎನ್ನುತ್ತದೆ 22ನೇ ಆಯತ್. ಏಳು ಎಂದವರು ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್. ಮೊದಲ ಎರಡನ್ನು ಕುರ್‌ಆನ್ ‘ಕತ್ತಲಲ್ಲಿ ಕಲ್ಲೆಸೆದಂತೆ’ ಎಂದಿದೆ, ಏಳನ್ನು ಹಾಗೆ ಅಂದಿಲ್ಲ, ಅದಕ್ಕೆ.

ಆಮೇಲೆ ಬರುವುದು ಎರಡು ದ್ರಾಕ್ಷಿ ತೋಟಗಳ ಒಡೆಯ. ‘ಇದು ಎಂದಾದರೂ ಹಾಳಾದೀತು ಅಂತ ನನಗನ್ನಿಸುವುದಿಲ್ಲ’ ಎಂದವನು, ಕೊನೆಗೆ ತೋಟ ಹಾಳಾದಾಗ ಖರ್ಚು ಮಾಡಿದ್ದನ್ನು ನೆನೆದು ಕೈ ಕೈ ಹಿಸುಕಿಕೊಂಡ. ನಂತರ ಪ್ರವಾದಿ ಮೂಸಾ. ‘ಎಲ್ಲರಿಗಿಂತ ಜಾಸ್ತಿ ತಿಳಿದವರು ಯಾರು’ ಎಂದು ಕೇಳಿದಾಗ ‘ನಾನು’ ಎಂದಿದ್ದರು ಎಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಅದಕ್ಕೇ ಅವರು ಅಲ್ಲಾಹನಿಂದ ವಿಶೇಷ ಜ್ಞಾನ ಪಡೆದಿದ್ದ ಖಿಳ್ರ್ ಅವರ ಬಳಿ ಕಲಿಯಲು ಹೋಗಬೇಕಾಯಿತು. ಖಿಳ್ರ್ ಬಡವರ ದೋಣಿಗೆ ತೂತು ಮಾಡಿದರು. ಮೂಸಾಗೆ ಸಹಿಸಲಾಗಲಿಲ್ಲ. ಒಳ್ಳೆಯ ದೋಣಿಗಳನ್ನೆಲ್ಲ ಕಿತ್ತುಕೊಳ್ಳುವ ರಾಜನೊಬ್ಬ ಆ ಕಡೆಯೇ ಇದ್ದ ಅನ್ನೋದು ಅವರಿಗೆ ಗೊತ್ತಾದದ್ದು ಇಬ್ಬರೂ ಬೇರೆಯಾಗುವ ಹೊತ್ತಿಗೆ. ಊಟ ಕೊಡದ ಊರಲ್ಲಿ ಬೀಳುವ ಗೋಡೆಯನ್ನು ಖಿಳ್ರ್ ಕೂಲಿ ಇಲ್ಲದೆ ನಿಲ್ಲಿಸಿದರು. ಅದರಡಿ ಇಬ್ಬರು ತಬ್ಬಲಿ ಮಕ್ಕಳ ನಿಧಿ ಇತ್ತು. ಕೊನೆಗೆ ಝುಲ್‌ಕರ್ನೈನ್, ಪೂರ್ವ ಪಶ್ಚಿಮ ತಲುಪಿದ ಆ ದೊರೆ. ಯಾಜೂಜ್ ಮಾಜೂಜ್ ಎಂಬ ಜನಾಂಗಗಳ ಹಾವಳಿ ತಡೆಯಲು ಕಬ್ಬಿಣ, ಕರಗಿದ ತಾಮ್ರ ಹಾಕಿ ತಡೆಗೋಡೆ ಕಟ್ಟಿದ. ಜನ ಕೊಡಲು ಬಂದ ಹಣ ಮುಟ್ಟದೆ ‘ಇದು ನನ್ನ ಪ್ರಭುವಿನ ಕರುಣೆ’ ಎಂದ.

ನಂಬಿಕೆ, ಸಂಪತ್ತು, ಜ್ಞಾನ, ಅಧಿಕಾರ. ನಾಲ್ಕೂ ಕಡೆ ಮನುಷ್ಯನ ಪರೀಕ್ಷೆ ಆಗುತ್ತದೆ. ಅಂತ್ಯಕಾಲದಲ್ಲಿ ಬರುವ ಮಹಾವಂಚಕ ದಜ್ಜಾಲ್ ಜನರನ್ನು ಮರುಳು ಮಾಡುವುದೂ ಇವುಗಳಿಂದಲೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಈ ಸೂರಾದ ಮೊದಲ ಹತ್ತು ಆಯತ್ ಬಾಯಿಪಾಠ ಮಾಡಿದವರಿಗೆ ದಜ್ಜಾಲ್‌ನಿಂದ ರಕ್ಷಣೆ ಎಂಬ ಹದೀಸ್ ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಪೂರ್ತಿ ಓದಲು ಸಮಯ ಸಿಗದವರು ಆ ಹತ್ತರಿಂದ ಶುರು ಮಾಡಬಹುದು, ಪಕ್ಕದಲ್ಲಿ ಕನ್ನಡ ಅನುವಾದ ಇಟ್ಟುಕೊಂಡು.